ಉಮುವಿನಲ್ಲಿ ಕಾದ ಬಳೆ

ಪಾಂಗಾಯ್, ಹಾಪಾಯ್, ಟೋಂಗಾ
ಸೋಮವಾರ, 11 ಆಗಸ್ಟ್ 2014

ಪ್ರೀತಿಯ ಸೇಮಿಸಿ,

ಮೊದಲು ಬೆನ್ನುನೋವು ಹೇಗಿದೆ ಹೇಳಿ. ಟೊಮೆಟೊ ಬಿಡಿಸುವವರು ದಿನವೆಲ್ಲ ಬಗ್ಗಿಯೇ ಇರಬೇಕಂತೆ. ಮಲಗುವ ಮುಂಚೆ ತೆಂಗಿನೆಣ್ಣೆ ಹಚ್ಚಿಸಿಕೊಳ್ಳಿ, ಯಾರನ್ನಾದರೂ ಕೇಳಲು ನಾಚಿಕೆ ಬೇಡ. ನಾವೆಲ್ಲ ಕ್ಷೇಮ. ಮಕ್ಕಳು ನಿಮ್ಮ ಹಳೆಯ ಅಂಗಿಗಾಗಿ ಜಗಳವಾಡುತ್ತಾರೆ. ಯಾರ ಸರದಿಯೋ ಅವರು ಅದನ್ನು ಹೊದ್ದು ಮಲಗುತ್ತಾರೆ.

ಹೊಸ ಎಂಜಿನ್ ಕೊಳ್ಳಲು ಇನ್ನೊಂದು ಹಂಗಾಮು ಆಸ್ಟ್ರೇಲಿಯಾದಲ್ಲೇ ನಿಲ್ಲುತ್ತೇನೆ, ಆಗಸ್ಟ್ ಕೊನೆಗೆ ಕರಾರಿಗೆ ಸಹಿ ಹಾಕುತ್ತೇನೆ ಎಂದು ಬರೆದಿದ್ದಿರಿ. ಓದಿ ಅತ್ತುಬಿಟ್ಟೆ. ನಿಮ್ಮ ಅಕ್ಕ ಮೆಲೆನೈತೆ ಅಳಲಿಲ್ಲ. ದೋಣಿಯ ಹಳೆಯ ಎಂಜಿನ್ನನ್ನು ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರಡಿದರು. ಮೂರು ವಾರ ಅದೇ ಕೆಲಸ. ಕೊನೆಗೆ ಉಳಿದದ್ದು ಫ್ಲೈವೀಲ್ ಚಕ್ರದ ಸುತ್ತ ಕೂರುವ ಹಲ್ಲಿನ ಬಳೆ. ಕಳೆದ ವರ್ಷ ನೀವು ಗ್ಯಾಸ್ ಬೆಂಕಿ ಹಿಡಿದು ಒಂದೇ ಕಡೆ ಸುಟ್ಟು ಹಾಳುಮಾಡಿದಿರಲ್ಲ, ಅದೇ. "ಅವನಿಗೆ ಮೀನು ಸುಡೋಕೇ ಬರಲ್ಲ, ಕಬ್ಬಿಣ ಸುಡೋಕೆ ಹೋಗಿದ್ದ" ಎಂದರು ಅಕ್ಕ. ಅಕ್ಕ ತರಿಸಿದ ಹೊಸ ಬಳೆ ಚಕ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಸುತ್ತಲೂ ಒಂದೇ ಸಮ ಕಾದರೆ ಹಿಗ್ಗಿ ಕೂರುತ್ತದೆ, ಆರಿದಾಗ ಬಿಗಿಯುತ್ತದೆ. ಶನಿವಾರ ಅಕ್ಕ ಹಿತ್ತಲಿನ ಉಮುವಿನ ಗುಂಡಿಯಲ್ಲಿ ಕಲ್ಲು ಕಾಯಿಸಿ, ಅಡುಗೆಗೆ ಕೆಸುವಿನ ಗೆಡ್ಡೆ ಬೇಯಲು ಇಡುವ ಜಾಗದಲ್ಲಿ ಬಳೆ ಇಟ್ಟರು. ಹಸಿ ಎಲೆ ಮುಚ್ಚಿದರೆ ಆವಿಯಲ್ಲಿ ಬೆಂದೀತೆಂದು ತಗಡು ಮುಚ್ಚಿ ಮಣ್ಣೆಳೆದರು. ಫ್ಲೈವೀಲನ್ನು ಮೀನಿನ ಐಸಿನ ಮೇಲೆ ತಣ್ಣಗೆ ಕೂರಿಸಿದ್ದರು.

ಈಗ ನಗಬೇಡಿ. ತಗಡು ತೆಗೆದದ್ದೇ ತಡ, ಮಾವ ಟೋಪಿ ತೆಗೆದು ಪ್ರಾರ್ಥನೆ ಶುರುಮಾಡಿಬಿಟ್ಟರು. ಉಮು ತೆರೆದರೆ ಊಟದ ಪ್ರಾರ್ಥನೆ, ಅವರಿಗೆ ಅಷ್ಟೇ ಗೊತ್ತು. ನಾವೂ ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆವು, ಅಕ್ಕನೂ. ಮಾವನ ಪ್ರಾರ್ಥನೆ ಗೊತ್ತಲ್ಲ, ರಾಜರಿಂದ ಹಿಡಿದು ನ್ಯೂಜಿಲೆಂಡಿನ ನೆಂಟರವರೆಗೆ ಯಾರನ್ನೂ ಬಿಡುವುದಿಲ್ಲ. ಆಮೆನ್ ಎನ್ನುವಷ್ಟರಲ್ಲಿ ಬಳೆ ಆರಿತ್ತು. ಚಕ್ರದ ಅಂಚಿನ ಮೇಲೇ ನಿಂತಿತು, ಇಳಿಯಲಿಲ್ಲ. ಅಕ್ಕ ಯಾರನ್ನೂ ಬೈಯದೆ ಮತ್ತೆ ಸೌದೆ ಒಟ್ಟಿದರು. "ಅಪ್ಪಾ, ದೇವರಿಗೆ ಹೇಳೋದೆಲ್ಲಾ ಮುಚ್ಚಿರುವಾಗಲೇ ಹೇಳಿಬಿಡಿ" ಎಂದರು. ಮಾವ ಗಂಭೀರವಾಗಿ ಒಪ್ಪಿದರು. ಎರಡನೇ ಸಲ ತೆಗೆದಾಗ ಬಳೆ ಹದವಾಗಿ ಕಾದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅಕ್ಕ ಇಕ್ಕಳದಲ್ಲಿ ಎತ್ತಿ, ಚಕ್ರದ ಮೇಲೆ ಮಟ್ಟವಾಗಿ ಹಿಡಿದು ಬಿಟ್ಟರು. ಸುತ್ತಿಗೆ ಮುಟ್ಟಲೇ ಇಲ್ಲ, ಬಳೆ ತಾನಾಗಿ ಇಳಿದು ಕೂತಿತು. ಅಂಥ ಕೈ ನಾನು ಕಂಡಿಲ್ಲ, ಸೇಮಿಸಿ. ಆ ಕೈಗೆ ಮುತ್ತು ಕೊಡಬೇಕೆನಿಸಿತು, ಕೊಟ್ಟೆ. ಗ್ರೀಸಿನ ರುಚಿ ಇನ್ನೂ ಬಾಯಲ್ಲಿದೆ.

ಮಾವನ ಆಶೀರ್ವಾದಗಳು (ಅವರು ಹೇಳಿದ್ದರಲ್ಲಿ ಕಾಲು ಭಾಗ ಮಾತ್ರ ಬರೆದಿದ್ದೇನೆ), ಮಕ್ಕಳ ಮುತ್ತುಗಳು.

ನಿಮ್ಮ
ಲೂಪೆ

ಮರೆತೆ: ಇವತ್ತು ಬೆಳಿಗ್ಗೆ ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಅಕ್ಕ ದೋಣಿಯಲ್ಲಿ ದಂಡೆಯುದ್ದಕ್ಕೂ ಒಂದು ಸುತ್ತು ಹೋಗಿಬಂದರು. ವಾಪಸ್ ಬನ್ನಿ ಎಂದು ಬರೆಯಲು ನನಗೆ ಧೈರ್ಯವಿರಲಿಲ್ಲ. ಅವರೇ ಹೇಳಿದರು: "ಹೆಂಡತಿ ಕರೆದರೆ ನೆಪ ಹೇಳ್ತಾನೆ. ಅಕ್ಕ ಕರೆದಳು ಅಂತ ಬರಿ." ನಮ್ಮಲ್ಲಿ ಅಕ್ಕನ ಮಾತಿಗೆ ಇಲ್ಲ ಎಂದ ತಮ್ಮ ಇನ್ನೂ ಹುಟ್ಟಿಲ್ಲ. ಸಹಿ ಹಾಕಬೇಡಿ.