ಓರೆ ಬೆಳಕಿಗೆ ಕಂಡವನು

ಮಂಗಳವಾರ, ಇಳಿಹೊತ್ತು

ಪುಟ್ಟಕ್ಕಾ,

ನಿನ್ನೆ ಹೇಳಿದೆನಲ್ಲ, ಇದು ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ತಿಂಗಳಾಯಿತು, ಬೈದುಕೋ. ನನ್ನ ಮೊಣಕಾಲು ಹಾಗೇ ಇದೆ. ಬೆಕ್ಕು ಮಾತ್ರ ದಪ್ಪಗಾಗಿದೆ.

ಅಮ್ಮ ಕೊನೆಗೆ ಇದ್ದಿಲಿನಲ್ಲಿ ಬರೆದ ಬೆಟ್ಟದ ಚಿತ್ರಕ್ಕೆ ಫ್ರೇಮ್ ಹಾಕಿಸು ಅಂದಿದ್ದೆಯಲ್ಲ, ಹಳೆಯ ಹಾಳೆ ರಿಪೇರಿ ಮಾಡುವಾಕೆ ಮನೆಗೇ ಬಂದಿದ್ದರು. ಕಿಟಕಿ ಮುಚ್ಚಿ, ಮೇಜಿನ ಅಂಚಿನಿಂದ ಟಾರ್ಚನ್ನು ಓರೆಯಾಗಿ ಹಿಡಿದರು. ಮಗಳೇ, ನಾನು ಬರೀ ಹಾಳೆ ಅಂದುಕೊಂಡದ್ದು ಒಂದು ಸೀಮೆಯೇ ಆಗಿಬಿಟ್ಟಿತು. ಕಾಗದದ ಉಬ್ಬುಗಳಿಗೆ ಇದ್ದಿಲು ತಾಗಿ ಬಂಡೆ. ಕುಳಿಗಳಲ್ಲಿ ಬಿಳುಪು ಉಳಿದು ಬಿಸಿಲು.

"ನೋಡಿ ಸಾರ್, ಹೊಳೇನ ಅವರು ಬರೆದೇ ಇಲ್ಲ. ಸುತ್ತ ಕಪ್ಪು ಮಾಡಿ ಕಾಗದಾನೇ ಹರಿಯೋಕೆ ಬಿಟ್ಟಿದ್ದಾರೆ" ಅಂದರು.

ದೊಡ್ಡದೇನೋ ಎದುರಾಗಿ ಮೈ ಜುಮ್ಮೆನ್ನುವುದಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ ಹೇಳಿಕೊಟ್ಟಿದ್ದರು. ಸಬ್ಲೈಮೋ, ಸಬ್‌ಮರೀನೋ. ಅದೇ ಆಯಿತು ನನಗೆ.

ಆಮೇಲೆ ಮರದ ಬುಡಕ್ಕೆ ಬೆಳಕು ಹಾಯಿಸಿದರು. ಅಲ್ಲೊಬ್ಬ ಮನುಷ್ಯ. ಪೆನ್ಸಿಲಿನಲ್ಲಿ ಒತ್ತಿ ಬರೆದು ಅಳಿಸಿದ್ದು. ಗೆರೆಯಿಲ್ಲ, ಬರೀ ತಗ್ಗು. "ಯಾರಿವರು? ಒಂದು ಭುಜ ಕೆಳಗಿದೆ." ನಾನು ಎದ್ದು ನಿಂತೆ. ಅವರು ನನ್ನ ಇಳಿದ ಭುಜ ನೋಡಿದರು, ಮತ್ತೆ ಚಿತ್ರ ನೋಡಿದರು.

ಚಿತ್ರ ಬರೆಯಲು ಹೊರಟವಳಿಗೆ ನಾನು ಜೊತೆಗೆ ಬರಲೇ ಎಂದಾಗಲೆಲ್ಲ ಅಮ್ಮ, "ನೀವು ಬೇಡ ಮಾರಾಯ್ರೇ, ನಿಮ್ಮ ಮಾತು ಕೇಳಿದ್ರೆ ಬೆಟ್ಟ ಎದ್ದು ಹೋಗುತ್ತೆ" ಅನ್ನುತ್ತಿದ್ದಳಲ್ಲ. ಆದರೂ ಕರೆದುಕೊಂಡು ಹೋಗಿ ನೆರಳಿನಲ್ಲಿ ಕೂರಿಸಿದ್ದಾಳೆ. ಅಳಿಸಿದ್ದೇಕೋ. ಚಿತ್ರಕ್ಕೆ ಅಡ್ಡ ಬಂದಿರಬೇಕು, ನನಗದು ಹೊಸದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಾಳೆ ಅಲೆಅಲೆಯಾಗಿದೆ. ತೇವ ಕೊಟ್ಟು ತೂಕ ಹೇರಿದರೆ ನೆಟ್ಟಗಾಗುತ್ತದೆ, ಆದರೆ ಆ ತಗ್ಗೂ ಮುಚ್ಚಿಹೋಗುತ್ತದಂತೆ. ಮತ್ತೆ ಬಾರದು. ಚಿತ್ರ ಅವಳು ನಿನಗೆ ಕೊಟ್ಟದ್ದು, ತೀರ್ಮಾನವೂ ನಿನ್ನದೇ. ನನ್ನನ್ನು ಕೇಳಿದರೆ, ಸೊಟ್ಟಗೇ ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗಿರು. ಮೊಮ್ಮಗಳಿಗೆ ಅಜ್ಜ ತಲೆ ಸವರಿದನೆಂದು ಹೇಳು.

ನಿನ್ನ ಅಪ್ಪ

ಇನ್ನೊಂದು ಮಾತು. ಕೊನೆಯ ತಿಂಗಳುಗಳಲ್ಲಿ ಅಮ್ಮನಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ನೀನು ಬಂದರೆ ಹೆಸರು ಹಿಡಿದು ಕರೆಯುತ್ತಿದ್ದಳು, ಅದಕ್ಕೇ ನಿನಗೆ ಹೇಳಲಿಲ್ಲ. ನನ್ನನ್ನು, "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದಳು. "ಇದೇ ಮನೆಯವನು" ಅನ್ನುತ್ತಿದ್ದೆ. "ಹೌದಾ, ಕೂತ್ಕೊಳ್ಳಿ" ಅನ್ನುತ್ತಿದ್ದಳು, ಬಹಳ ಮರ್ಯಾದೆಯಿಂದ. ಆ ತಗ್ಗನ್ನು ಮುಟ್ಟಬಾರದಂತೆ, ಇದ್ದಿಲು ಉದುರುತ್ತದೆ. ನೋಡುತ್ತ ಕೂತಿದ್ದೇನೆ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ, ಇಲ್ಲಿಗೆ