ಮುಂದಿನ ಎರಡು ಗಾಲಿಗಳು

ಮಾರ್ಚ್ ೫, ಗುರುವಾರ

ನನ್ನ ಸಿಡುಕುಮೂತಿ ಯಜಮಾನರಿಗೆ,

ನಿಮ್ಮ ಬಾಯಿಬಡುಕಿ ಮಾಡುವ ನಮಸ್ಕಾರಗಳು. ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಫೋನಿನಲ್ಲೇ ಮಾತಾಡಿ ಮುಗಿಸೋಣ ಎಂದಿದ್ದೆ, ನೀವು ಎತ್ತುವುದಿಲ್ಲ. ಎರಡು ಭಾನುವಾರ ಬಸ್ಸು ಹತ್ತಿ ಅಷ್ಟು ದೂರ ಬಂದರೆ, ನಿದ್ದೆ ಮಾಡುತ್ತಿದ್ದಾರೆ ಎಂದು ನರ್ಸಮ್ಮನ ಕೈಲಿ ಹೇಳಿ ಕಳಿಸಿದಿರಿ. ಮಟಮಟ ಮಧ್ಯಾಹ್ನ ನಿದ್ದೆ ಹೊಡೆಯುವ ಗಂಡಸನ್ನು ನಾನು ಮದುವೆಯಾಗಿರಲಿಲ್ಲ. ಈ ಕಾಗದವನ್ನು ನೀವು ಓದದೆ ದಿಂಬಿನಡಿ ಇಟ್ಟರೆ, ಇಡೀ ವಾರ್ಡಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿಬಿಡಿ ಎಂದು ಆ ನರ್ಸಮ್ಮನಿಗೆ ಹೇಳಿಟ್ಟಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆಂಟನೇ ತಾರೀಖು, ಶನಿವಾರ, ನಿಮ್ಮನ್ನು ಮನೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ವ್ಯಾನಿನಲ್ಲೇ ಕೂರಿಸಿಕೊಂಡು ಬರುತ್ತೇನೆ ಅಂದೆ. ಕೂತು ಬರಲಿ, ಆದರೆ ಬೆನ್ನಿಗೆ ಒಂದು ಜೋರಾದ ಏಟು ಬಿದ್ದರೂ ಇಷ್ಟು ದಿನ ಮಾಡಿದ್ದೆಲ್ಲ ಹಾಳು ಅಂದರು. ನಮ್ಮ ವ್ಯಾನು ನಿಮಗೆ ಗೊತ್ತೇ ಇದೆ. ರಸ್ತೆಯಲ್ಲಿ ಯಾರೋ ಬಣ್ಣದಲ್ಲಿ ಗೆರೆ ಎಳೆದಿದ್ದರೂ ಅದನ್ನು ದಾಟುವಾಗ ಹಲ್ಲು ಕಟಕಟ ಅನ್ನುತ್ತದೆ. ಅದೂ ಈಗ ಹೇಗಿದೆ? ನೀವು ಅಟ್ಟದಿಂದ ಬೀಳುವ ಹಿಂದಿನ ವಾರ ಬಿಚ್ಚಿದ್ದು, ಮುಂದಿನ ಗಾಲಿಗಳಿಲ್ಲದೆ ಸ್ಟ್ಯಾಂಡಿನ ಮೇಲೆ ಹಾಗೇ ಕೂತಿದೆ.

ಹಾಗಾಗಿ ಮುಂದಿನ ಸಸ್ಪೆನ್ಷನ್ ಬದಲಾಯಿಸಬೇಕು. ಯಾವುದನ್ನು ಹಾಕಿಸುವುದು ಎಂಬುದೇ ಈಗ ಮನೆಯಲ್ಲಿ ಜಗಳ. ಬಿಡಿಭಾಗದ ಅಂಗಡಿಯಾಕೆ ಎರಡು ಬಗೆ ತೋರಿಸಿದಳು. ಎರಡೂ ಇಂಡಿಪೆಂಡೆಂಟೇ, ಪ್ರತಿ ಗಾಲಿಯೂ ತನ್ನ ಪಾಡಿಗೆ ತಾನು ಏಳುತ್ತದೆ, ಇಳಿಯುತ್ತದೆ. ಒಂದನ್ನು ಇರುವ ತೂತುಗಳಿಗೇ ಬೋಲ್ಟ್ ಹಾಕಿ ಕೂರಿಸಬಹುದು, ಚಾಸಿಗೆ ಕೈ ಹಚ್ಚಬೇಕಿಲ್ಲ, ಆದರೆ ಗಾಡಿ ಈಗಿನಷ್ಟೇ ಎತ್ತರ ಇರುತ್ತದೆ. ಇನ್ನೊಂದಕ್ಕೆ ಚಾಸಿ ಕೊಯ್ದು ಹೊಸ ತೊಲೆ ಬೆಸೆಯಬೇಕು. ಅದರಲ್ಲಿ ಗಾಡಿ ಕೆಳಗಿಳಿಯುತ್ತದೆ, ಸ್ಟೇರಿಂಗು ಹಗುರವಾಗುತ್ತದೆ. ವೆಲ್ಡಿಂಗ್ ಮಾಡಬೇಕಾದ ನಿಮ್ಮಣ್ಣ, ನಮ್ಮ ಭಾವನವರಿಗೆ ಎರಡೂ ಬೇಡ. ಹಳೇ ಆಕ್ಸಲ್ಲೇ ಇರಲಿ, ಸ್ಪ್ರಿಂಗ್ ಪ್ಲೇಟು ಹೊಸದು ಹಾಕಿದರೆ ಸಾಕು ಅನ್ನುತ್ತಾರೆ.

ನಿಮಗೆ ನೆನಪಿದೆಯಾ, ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತಾಗ ಎರಡು ಲೋಟ ಬೋರಲು ಹಾಕಿ, ಮೇಲೆ ನನ್ನ ಬಟ್ಟೆ ಅಳೆಯುವ ಸ್ಕೇಲು ಇಟ್ಟು, ಒಂದು ಲೋಟ ಎಳೆದುಬಿಟ್ಟಿರಿ. ಸ್ಕೇಲು ವಾಲಿ ಇನ್ನೊಂದು ಲೋಟವನ್ನೂ ಬೀಳಿಸಿತು. "ನೋಡು, ಇದೇ ನಮ್ಮ ವ್ಯಾನಿನ ಆಕ್ಸಲ್ಲು. ಒಂದು ಗಾಲಿ ಗುಂಡಿಗೆ ಬಿದ್ರೆ ಇನ್ನೊಂದಕ್ಕೂ ನೆಮ್ಮದಿ ಇಲ್ಲ" ಅಂದಿರಿ. ಅದನ್ನೇ ಭಾವನವರಿಗೂ ಲೋಟ ಇಟ್ಟು ತೋರಿಸಿದೆ. ಅವರು ತಮ್ಮ ಕೈಲಿದ್ದ ಲೋಟದ ಕಾಫಿ ಕುಡಿದು ಎದ್ದರು. ಸೀಟು ಹೊಲಿಯುವವಳಿಗೆ ಚಾಸಿ ವಿಷಯ ಯಾಕೆ ಅಂದರು. ಇಷ್ಟು ವರ್ಷ ಊರಿನವರ ಗಾಡಿಗಳ ಸೀಟೆಲ್ಲ ಹೊಲಿದಿದ್ದೇನೆ, ಕೂತವರ ಬೆನ್ನಿನ ವಿಷಯ ನನಗಲ್ಲದೆ ವೆಲ್ಡಿಂಗಿನವರಿಗೆ ಗೊತ್ತಿರುತ್ತದಾ ಅಂದೆ. ಅಲ್ಲಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದಾರೆ.

ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಮೊನ್ನೆ ಬಂದಾಗ ವರಾಂಡದಲ್ಲಿ ನಿಮ್ಮ ಗಾಲಿಕುರ್ಚಿ ಒಣಗಲು ಇಟ್ಟಿದ್ದರು. ಟೇಪು ಹಿಡಿದು ಅಳತೆ ತೆಗೆದುಕೊಂಡು ಬಂದೆ. ಗಾಡಿ ಕೆಳಗಿಳಿದು, ಸೀಟಿನ ಸ್ಪಂಜು ನಾನು ಸ್ವಲ್ಪ ಕೊಯ್ದರೆ, ಸೀಟೂ ಕುರ್ಚಿಯೂ ಒಂದೇ ಮಟ್ಟ. ನಿಮ್ಮನ್ನು ಯಾರೂ ಮೂಟೆಯ ಹಾಗೆ ಎತ್ತಬೇಕಾಗಿಲ್ಲ, ನೀವೇ ಜರುಗಿ ಕೂರಬಹುದು. ಆದರೆ ಚಾಸಿ ನಿಮ್ಮದು. ಕೊಯ್ದ ಮೇಲೆ ಮತ್ತೆ ಮೊದಲಿನ ಹಾಗಾಗುವುದಿಲ್ಲ ಎಂದು ಭಾವನವರು ಹೆದರಿಸುತ್ತಿದ್ದಾರೆ, ನನಗೂ ಹೆದರಿಕೆಯೇ. ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ. ಒಂದು ಅಕ್ಷರ ಬರೆದು ಕಳಿಸಿ.

ಇಂತಿ ನಿಮ್ಮ,
ಬಾಯಿಬಡುಕಿ

ಮಾರ್ಚ್ ೧೯, ಗುರುವಾರ

ಉತ್ತರ ಕೊಡದ ಯಜಮಾನರಿಗೆ,

ನಮಸ್ಕಾರ. ನಿಮ್ಮ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ಅಂಚೆಯವನನ್ನು ದಿನಾ ತಡೆದು ಕೇಳಿ ಕೇಳಿ, ಅವನು ಈಗ ನಮ್ಮ ಬೀದಿಯನ್ನೇ ಬಳಸಿಕೊಂಡು ಹೋಗುತ್ತಾನೆ. ಕೊನೆಗೆ ನಾನೇ ತೀರ್ಮಾನ ಮಾಡಿದೆ. ಚಾಸಿ ಕೊಯ್ದಾಯಿತು.

ಭಾವನವರು ಬೈದುಕೊಂಡೇ ಕೆಲಸ ಹಿಡಿದರು, ಆದರೆ ಹಿಡಿದ ಮೇಲೆ ಅಚ್ಚುಕಟ್ಟು. ಮೊದಲು ಚಾಸಿಗೆ ಅಡ್ಡಡ್ಡ ಕಂಬಿ ಬೆಸೆದು ಅಲುಗದ ಹಾಗೆ ಬಿಗಿದರು. ಕೊಯ್ಯುವ ಮಿಷನ್ನು ಕಬ್ಬಿಣಕ್ಕೆ ತಾಗಿದ್ದನ್ನು ನೋಡಲಾಗಲಿಲ್ಲ. ನಾನು ಒಳಗೆ ಹೋಗಿ ನಿಮ್ಮ ಸೀಟಿನ ಹೊಲಿಗೆ ಬಿಚ್ಚುತ್ತಾ ಕೂತೆ.

ಮೂರನೇ ದಿನ ತೊಂದರೆ ಶುರುವಾಯಿತು. ಗಾಲಿ ತಿರುಗಿಸುವ ಹೊಸ ಸ್ಟೇರಿಂಗ್ ರ್‍ಯಾಕು ಗಾಲಿಗಳಿಗಿಂತ ಹಿಂದೆ ಕೂರಬೇಕು, ಅಲ್ಲಿ ಇಂಜಿನ್ನಿನ ಆಯಿಲ್ ಚೇಂಬರ್ ಅಡ್ಡ ಬಂತು. ಭಾವನವರು ತಲೆ ಓಡಿಸಿ, ಎಲ್ಲವನ್ನೂ ಹಿಂದುಮುಂದು ಮಾಡಿ ರ್‍ಯಾಕನ್ನು ಮುಂದಕ್ಕೆ ಕೂರಿಸಿಬಿಟ್ಟರು. ನೋಡಲು ಚೆಂದ ಕೂತಿತ್ತು. ನಾನೂ ಶಹಬ್ಬಾಸ್ ಅಂದೆ. ಮೊನ್ನೆ ಸಂಜೆ ಗಾಡಿ ಕೆಳಗಿಳಿಸಿ, ನಾನು ಸ್ಟೇರಿಂಗ್ ಹಿಡಿದೆ. ಹೊರಗೆ ಹೋಗುವ ಬಾಗಿಲು ಬಲಕ್ಕಿದೆ, ಬಲಕ್ಕೆ ತಿರುಗಿಸಿದೆ. ಗಾಡಿ ಎಡಕ್ಕೆ ಹೋಯಿತು. ಗಾಬರಿಯಲ್ಲಿ ಇನ್ನಷ್ಟು ಬಲಕ್ಕೆ ತಿರುಗಿಸಿದೆ, ಅದು ಇನ್ನಷ್ಟು ಎಡಕ್ಕೆ ಹೋಯಿತು. ಎಡಕ್ಕೆ ಗೋಡೆಗೆ ಒರಗಿ ನಿಂತಿದ್ದವರು ಭಾವನವರು.

ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟೆ. ಬಂಪರಿಗೂ ಅವರ ಮೊಣಕಾಲಿಗೂ ನಡುವೆ ನಿಮ್ಮ ಮರದ ಸ್ಟೂಲು ಸಿಕ್ಕಿ ಪುಡಿಯಾಯಿತು. ಅವರಿಗೆ ಏನೂ ಆಗಲಿಲ್ಲ. ಜೀವ ಬಾಯಿಗೆ ಬಂದಿತ್ತು ಕಣ್ರೀ. ನಿಮ್ಮ ಹಾಗೆ ಇನ್ನೊಬ್ಬರನ್ನೂ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದೆನಲ್ಲ ಎಂದುಕೊಂಡು ಇಂಜಿನ್ ಆರಿಸಿ ಇಳಿದೆ. ಭಾವನವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ನೀರು ಕೊಟ್ಟೆ. ಕುಡಿದು, ನನ್ನ ಮುಖ ನೋಡದೆ ಒಂದು ಮಾತು ಹೇಳಿದರು. "ಅವನು ನನ್ನತ್ರ ಹೇಳಿದ್ದಾನಮ್ಮ. ನಿನಗೆ ಹೇಗೆ ಹೇಳ್ಬೇಕು ಅಂತ ಗೊತ್ತಾಗ್ದೆ ಈ ಗಾಡಿ ಕೆಲಸ ಬೇಡ ಬೇಡ ಅಂತಿದ್ದೆ" ಎಂದು ಶುರು ಮಾಡಿದರು. ಉಳಿದದ್ದನ್ನು ಈಗ ಬರೆಯಲಾರೆ.

ಗಾಡಿಯ ವಿಷಯ ಮುಗಿಸುತ್ತೇನೆ. ನಿನ್ನೆ ಇಡೀ ದಿನ ಬಿಚ್ಚಿ, ರ್‍ಯಾಕನ್ನು ಅದರ ಜಾಗಕ್ಕೇ ಕೂರಿಸಿದರು. ಆಯಿಲ್ ಚೇಂಬರನ್ನೇ ಕೊಯ್ದು ಬೇರೆ ಆಕಾರಕ್ಕೆ ಬೆಸೆದರು. ಈಗ ಬಲ ಅಂದರೆ ಬಲ, ಎಡ ಅಂದರೆ ಎಡ. ಒಂದು ಬೆರಳಲ್ಲಿ ತಿರುಗುತ್ತದೆ. ಸ್ಪ್ರಿಂಗು ಮಾತ್ರ ಇನ್ನೂ ಗಡಸು. ಇಪ್ಪತ್ತೆಂಟರ ಶನಿವಾರಕ್ಕೆ ಆಗುತ್ತದೋ ಇಲ್ಲವೋ ಎಂದು ತಲೆ ಕೆಟ್ಟುಹೋಗಿದೆ.

ಇಂತಿ,
ಬಾಯಿಬಡುಕಿ

ಮಾರ್ಚ್ ೨೫, ಬುಧವಾರ

ನನ್ನವರಿಗೆ,

ಈ ಸಲ ಬೈಯಲು ಬರೆಯುತ್ತಿಲ್ಲ. ಗಾಡಿ ತಯಾರಾಗಿದೆ.

ಸ್ಪ್ರಿಂಗನ್ನು ಅಂಗಡಿಯಾಕೆ ದೊಡ್ಡ ಇಂಜಿನ್ನಿನ ಲೆಕ್ಕದಲ್ಲಿ ಕೊಟ್ಟಿದ್ದಳಂತೆ. ಹಿಂದಕ್ಕೆ ಕೊಟ್ಟು ಮೆತ್ತನೆಯದು ತಂದೆ. ಹಿಂದಿನ ಗಾಲಿಗಳ ಸ್ಪ್ರಿಂಗ್ ಪ್ಲೇಟುಗಳನ್ನೂ ಭಾವನವರು ಕಡಿಮೆ ಮಾಡಿ ಮಟ್ಟ ಸರಿ ಮಾಡಿದರು. ಆಮೇಲೆ ನಾನು ನಿಮ್ಮ ಸೀಟಿನಲ್ಲಿ ಕೂತೆ, ಅವರು ರೈಲ್ವೆ ಗೇಟಿನ ಆಚೆಯ ಹಾಳು ರಸ್ತೆಗೆ ಓಡಿಸಿದರು. ಕಾಲು ನೆಲಕ್ಕೆ ಊರದೆ, ಕೈಯಲ್ಲಿ ಏನನ್ನೂ ಹಿಡಿಯದೆ ಕೂತಿದ್ದೆ, ನೀವು ಕೂರುವ ಹಾಗೇ. ದೊಡ್ಡ ಗುಂಡಿ ಬಂದಾಗ ಕಣ್ಣು ಮುಚ್ಚಿಕೊಂಡೆ. ಬಲಗಡೆಯ ಗಾಲಿ ಇಳಿಯಿತು, ಎದ್ದಿತು. ಎಡಗಡೆ ಕೂತ ನನಗೆ ಏಟೇ ಬೀಳಲಿಲ್ಲ. ವಾಪಸ್ ಬರುವಾಗ ಅವರು ಅದೇ ಗುಂಡಿಗೆ ಇನ್ನೊಂದು ಸಲ ಇಳಿಸಿದರು. "ಅವನು ಇದನ್ನ ನೋಡ್ಬೇಕಿತ್ತು" ಅಂದರು. ನೋಡುತ್ತಾರೆ, ಶನಿವಾರ ನೋಡುತ್ತಾರೆ ಅಂದೆ.

ಸ್ಟೇರಿಂಗು ಹಗುರವಾದ್ದರಿಂದ ಮುಂದೆ ಬ್ರೇಕನ್ನೂ ಆಕ್ಸಲರೇಟರನ್ನೂ ಕೈಗೆ ಸಿಗುವ ಹಾಗೆ ಮಾಡಿಕೊಡುತ್ತೇನೆ ಎಂದು ಭಾವನವರೇ ಹೇಳಿದ್ದಾರೆ. ಅದು ಆಮೇಲಿನ ಮಾತು. ಸದ್ಯಕ್ಕೆ ನಾನೇ ಡ್ರೈವರ್, ನೀವು ಪಕ್ಕದಲ್ಲಿ ಕೂತು ಗೇರು ಹಾಕಿದ್ದು ಸರಿಯಿಲ್ಲ ಎಂದು ಗೊಣಗಬಹುದು.

ದೇವರು ನಿಮಗೆ ಬೇಗ ಗುಣ ಕೊಡಲಿ, ನನಗೆ ಅಷ್ಟಿಷ್ಟು ತಾಳ್ಮೆ ಕೊಡಲಿ. ಹೊತ್ತುಹೊತ್ತಿಗೆ ಊಟ ಮಾಡಿ. ನರ್ಸಮ್ಮನ ಮೇಲೆ ರೇಗಬೇಡಿ, ರೇಗುವುದನ್ನೆಲ್ಲ ನನಗಾಗಿ ಉಳಿಸಿಕೊಳ್ಳಿ.

ಇಂತಿ ಎಂದೆಂದೂ ನಿಮ್ಮ,
ಬಾಯಿಬಡುಕಿ

ತಾ.ಕ.: ಭಾವನವರು ಅವತ್ತು ಹೇಳಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಅದೇ ಕೂತಿರುತ್ತದೆ. "ಅವಳಿಗಿನ್ನೂ ವಯಸ್ಸಿದೆ. ನಾನು ಬಿದ್ದೆ ಅಂತ ಅವಳೂ ಯಾಕೆ ಬೀಳ್ಬೇಕು? ಅವಳನ್ನ ತೌರಿಗೆ ಕಳಿಸಿಬಿಡು, ನನ್ನನ್ನ ಇಲ್ಲೇ ಎಲ್ಲಾದ್ರೂ ಬಿಡು" ಅಂದಿರಂತೆ. ನನಗೆ ಹೇಳಲು ನಿಮಗೆ ಬಾಯಿ ಬರಲಿಲ್ಲ, ಅಣ್ಣನಿಗೆ ಹೇಳಿದಿರಿ. ನೀವು ಅಟ್ಟದಿಂದ ಬಿದ್ದ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ. ಗಾಡಿಗೆ ಇಂಡಿಪೆಂಡೆಂಟ್ ಹಾಕಿಸಿದ್ದು ನಿಮ್ಮ ಬೆನ್ನಿಗಾಗಿ. ನನಗೆ ಅದು ಬೇಡ. ನೀವು ಬಿದ್ದ ದಿನವೇ ನಾನೂ ವಾಲಿದ್ದೇನೆ, ಈಗ ನೀನು ಬೇರೆ ನಾನು ಬೇರೆ ಅಂದರೆ ಹೇಗಾಗುತ್ತದೆ? ಹಳೇ ಆಕ್ಸಲ್ಲನ್ನು ಭಾವನವರು ಗುಜರಿಗೆ ಹಾಕಲು ಹೊರಟಿದ್ದರು. ನಾನು ಬಿಡಲಿಲ್ಲ, ನಮ್ಮ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುತ್ತೇನೆ. ಈ ಸಲ ನಿದ್ದೆ ಮಾಡ್ತಿದಾರೆ ಎಂದು ಹೇಳಿ ಕಳಿಸಬೇಡಿ.