ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಮೂರು ಅಕ್ಷರ

ಕೌಂಟಿಯ ಮಾನ್ಯ ಅರ್ಹತಾ ಆಯುಕ್ತರೇ,

ನನ್ನ ಮೈದುನ ತೌನೋ ಹಿಲ್ಟುನೆನ್‌ನನ್ನು ನೀವು ಕೆಲಸದಿಂದ ತೆಗೆದಿದ್ದೀರಿ. ಕಾರಣ ಸೋಮಾರಿತನವಲ್ಲ, ಕುಡಿತವಲ್ಲ, ಲಾರಿಯನ್ನು ಯಾರದೋ ಬೇಲಿಗೆ ಗುದ್ದಿದ್ದೂ ಅಲ್ಲ. (ಗುದ್ದಿದ್ದಾನೆ. ಅದು ನಮ್ಮ ಮನೆಯದೇ ಬೇಲಿ. ಅದಕ್ಕಾಗಿ ಯಾರೂ ಅವನನ್ನು ತೆಗೆದಿರಲಿಲ್ಲ.) ಕಾರಣ ಕಾಗುಣಿತ. ಅವನ ಹುದ್ದೆಯ ಹೆಸರಿನ ಮೊದಲ ಮೂರು ಅಕ್ಷರಗಳು ನಿಮಗೆ ಹಿಡಿಸಲಿಲ್ಲ. ಅದರ ಫಲವಾಗಿ ಈಗ ಚರ್ಚ್ ಹಿಲ್ ರಸ್ತೆಯಲ್ಲಿ ಇಡೀ ಊರು ಜಾರುತ್ತಿದೆ. ಪಾದ್ರಿ ಜಾರಿದರು, ಅಂಚೆಯವಳು ಜಾರಿದಳು, ಹೈಸ್ಕೂಲಿನ ವಾದ್ಯವೃಂದ ತುತ್ತೂರಿಗಳ ಸಮೇತ ಜಾರಿತು. ಬೀಳುವಾಗಲೂ ಡೋಲು ಬಾರಿಸುವವನು ತಾಳ ತಪ್ಪಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ನೀವೂ ಜಾರಿದಿರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಹಳ ಸಂತೋಷದಿಂದ ಬರುತ್ತೇನೆ.

ಪತ್ರ ಬಹಿರಂಗವಾದ್ದರಿಂದ, ನಿಮ್ಮಷ್ಟು ವಿಷಯಜ್ಞಾನವಿಲ್ಲದವರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವುದು: ಈ ಮೂರಕ್ಕೆ ಇಂಗ್ಲಿಷಿನಲ್ಲಿರುವ ಪದಗಳ ಮೊದಲಕ್ಷರಗಳನ್ನು ಜೋಡಿಸಿ ನಮ್ಮ ದೇಶ ಡಿ-ಇ-ಐ ಎನ್ನುತ್ತದೆ. ಅರ್ಧ ದೇಶಕ್ಕೆ ಅದು ಮಂತ್ರ, ಇನ್ನರ್ಧಕ್ಕೆ ಬೈಗುಳ. ಚುನಾವಣೆಯಲ್ಲಿ ಇನ್ನರ್ಧದವರು ಗೆದ್ದರು. ನಮ್ಮ ಕೌಂಟಿಗೆ, ಅಂದರೆ ಜಿಲ್ಲೆಗೆ, ಹೊಸ ಮಂಡಳಿ ಬಂದು ಅರ್ಹತಾ ಆಯುಕ್ತ ಎಂಬ ಹುದ್ದೆಯನ್ನು ಸೃಷ್ಟಿಸಿ ನಿಮ್ಮನ್ನು ಅದರಲ್ಲಿ ಕೂರಿಸಿತು. ಅದಕ್ಕೆ ಜಾಹೀರಾತು ಬಂದಿರಲಿಲ್ಲ, ಸಂದರ್ಶನ ನಡೆದಿರಲಿಲ್ಲ, ಬೇರೆ ಅಭ್ಯರ್ಥಿಗಳು ಇರಲಿಲ್ಲ. ಮಂಡಳಿಯ ಅಧ್ಯಕ್ಷರ ಜಿಂಕೆ ಬೇಟೆಯ ಬಿಡಾರದಲ್ಲಿ ಹೊಗೆಗೂಡಿನ ಪಕ್ಕದ ಬೆಚ್ಚನೆಯ ಮಂಚ ಪ್ರತಿ ವರ್ಷ ನಿಮ್ಮದೇ ಎಂಬುದು ಕಾಕತಾಳೀಯವೆಂದು ನಂಬಲು ನಾನು ಸಿದ್ಧಳಿದ್ದೇನೆ. ನಾನು ಕಾದಂಬರಿ ಓದುವವಳು. ಇದಕ್ಕಿಂತ ದೊಡ್ಡ ಕಾಕತಾಳೀಯಗಳನ್ನು ನಂಬಿ ಅತ್ತಿದ್ದೇನೆ.

ನಿಮ್ಮ ಮೊದಲ ಸಭೆಗೆ ತೌನೋ ನನ್ನನ್ನೂ ಎಳೆದುಕೊಂಡು ಹೋಗಿದ್ದ. "ಇನ್ನು ಮುಂದೆ ಈ ಕೌಂಟಿಯಲ್ಲಿ ಅರ್ಹತೆ, ಅರ್ಹತೆ ಮಾತ್ರ" ಎಂದು ನೀವು ಘೋಷಿಸಿದಾಗ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಅವನೇ. ಅವನದು ಸೌದೆ ಸೀಳುವ ಅಂಗೈ. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗುವೊಂದು ಬೆಚ್ಚಿ ಎದ್ದು ಅಳತೊಡಗಿತು.

"ಕೂತ್ಕೋ, ತೌನೋ," ಎಂದೆ.

"ಯಾಕೆ ಕೂತ್ಕೋಬೇಕು? ಕೊನೆಗೂ ಒಬ್ಬ ಮನುಷ್ಯ ನೆಟ್ಟಗೆ ಮಾತಾಡ್ತಿದಾನೆ. ಕೆಲಸ ಬರೋರಿಗೆ ಕೆಲಸ. ಅಷ್ಟೇ ತಾನೇ?"

"ಯಾರಿಗೆ ಬರುತ್ತೆ ಅಂತ ಹೇಳೋರು ಯಾರು?"

"ನೀನು ಆ ಪರದೇಶದ ಕಾದಂಬರಿಗಳನ್ನ ಓದಿ ಓದಿ ಹಿಂಗಾಗಿದೀಯ, ಐಲಿ," ಎಂದು ಇನ್ನೂ ಜೋರಾಗಿ ತಟ್ಟಿದ.

ಆಮೇಲೆ ನೀವು ಆಜ್ಞೆ ಹೊರಡಿಸಿದಿರಿ: ಡಿ-ಇ-ಐ ಇರುವ ಪ್ರತಿ ಹುದ್ದೆಯೂ ರದ್ದು. ಹುದ್ದೆಗಳನ್ನು ಹುಡುಕಲು ಮನುಷ್ಯರನ್ನು ಇಟ್ಟರೆ ಪಕ್ಷಪಾತವಾದೀತೆಂದು ಕಂಪ್ಯೂಟರಿಗೆ ಒಪ್ಪಿಸಿದಿರಿ. ಕಂಪ್ಯೂಟರು ನಿಷ್ಪಕ್ಷಪಾತಿ. ಅದು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ರಸ್ತೆಯ ಮೇಲಿನ ಮಂಜುಗಡ್ಡೆ ಬಿಡಿಸುವ ಕೆಲಸಕ್ಕೆ ನಮ್ಮಲ್ಲಿ ಡಿಐಸಿಂಗ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದು ನೋಡಿ: deicing. ಡಿ. ಇ. ಐ. ಆಮೇಲೆ ಉಳಿದದ್ದು. ಆ ಉಳಿದದ್ದನ್ನು ಓದುವಷ್ಟು ವ್ಯವಧಾನ ಕಂಪ್ಯೂಟರಿಗೂ ಇರಲಿಲ್ಲ, ಆದೇಶಕ್ಕೆ ಸಹಿ ಹಾಕಿದ ನಿಮಗೂ ಇರಲಿಲ್ಲ. ಸುಪೀರಿಯರ್ ಸರೋವರದ ದಂಡೆಯಲ್ಲಿ, ನಡು ಜನವರಿಯಲ್ಲಿ, ಒಂದು ಕೌಂಟಿ ತನ್ನ ಮಂಜುಗಡ್ಡೆ ಬಿಡಿಸುವ ವಿಭಾಗವನ್ನು ತಾರತಮ್ಯ ನಿವಾರಣೆಯ ಹೆಸರಿನಲ್ಲಿ ಮುಚ್ಚಿತು. ರಸ್ತೆ ಜಾರದಂತೆ ಮರಳು ಎರಚುವ ತೌನೋನ ಲಾರಿಗೆ ಬೀಗ ಬಿತ್ತು.

ಮರುದಿನ ಬೆಳಿಗ್ಗೆ ತೌನೋ ಡೋರಿಸ್ ಟ್ರೆಲೋರ್‌ಳ ಪ್ಯಾಸ್ಟಿ ಅಂಗಡಿಗೆ ಹೋದಾಗ ನಾನು ಅಲ್ಲೇ ಇದ್ದೆ. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಆ ಕಡುಬು ತಿನ್ನದೆ ಅವನು ಯಾವತ್ತೂ ಲಾರಿ ಹತ್ತಿದವನಲ್ಲ. ಆವತ್ತು ಹತ್ತಲು ಲಾರಿಯೇ ಇರಲಿಲ್ಲ, ಆದರೂ ಕಾಲು ಅಲ್ಲಿಗೇ ಕರೆದುಕೊಂಡು ಬಂದಿತ್ತು.

"ದಾರಿ ಬಿಡ್ರಪ್ಪಾ, ವೈವಿಧ್ಯ ಬಂತು," ಎಂದಳು ಡೋರಿಸ್.

"ಡೋರಿಸ್, ಸುಮ್ನಿರು."

"ಕಡುಬಿಗೆ ಏನ್ ತುಂಬ್ಲಿ ಇವತ್ತು? ಮಾಂಸಾನಾ, ಸಮಾನತೇನಾ?"

ಬೆಂಚಿನ ತುದಿಯಿಂದ ಯಾರೋ ಕೂಗಿದರು: "ತೌನೋ, ಸ್ವಲ್ಪ ಆ ಕಡೆ ಸರ್ಕೊಂಡು ನಮ್ಮನ್ನೂ ಒಳಗೊಳ್ಳಪ್ಪಾ!"

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ತೌನೋ ಕೆಂಪಾಗಿ ಕಡುಬನ್ನು ಕೈಯಲ್ಲೇ ಹಿಡಿದು ಹೊರಗೆ ನಡೆದ. ಬಾಗಿಲಾಚೆ ಕಾಲಿಟ್ಟವನೇ ಜಾರಿ ಕೂತ. ಕಡುಬು ಮಾತ್ರ ಕೈಯಲ್ಲಿ ನೆಟ್ಟಗೆ ನಿಂತಿತ್ತು. ಅಲ್ಲಿಗೆ ನಗು ನಿಂತಿತು. ಆ ಮನುಷ್ಯನಿಗೆ ಹುಟ್ಟೂರಿನ ಇಳಿಜಾರಿಗೆ ಮರಳು ಎರಚುವುದೊಂದು ಬಿಟ್ಟು ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

ಅಲ್ಲಿಂದ ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ಕೌಂಟರಿನಲ್ಲಿದ್ದ ಹುಡುಗಿ ಮರ್ಯಾದಸ್ಥೆ.

"ನಿಮ್ಮ ಹುದ್ದೆ ಡಿ-ಇ-ಐ ಅಂತ ಬಂದಿದೆ ಸರ್."

"ಅದು ಡಿಐಸಿಂಗ್ ಕಣಮ್ಮಾ! ಐಸ್! ಕಿಟಕಿಯಿಂದ ಹೊರಗೆ ನೋಡು!"

"ಹೊರಗೆ ನೋಡೋದು ನನ್ನ ವಿಭಾಗ ಅಲ್ಲ ಸರ್. ನೀವು ಮೇಲ್ಮನವಿ ಕೊಡಬಹುದು. ಬರೋ ಮಂಗಳವಾರ ಮಂಡಳಿ ಸಭೆ ಇದೆ, ಅದಾದ್ಮೇಲೆ ರದ್ದತಿ ಖಾಯಂ."

"ಸರಿ, ಯಾರಿಗೆ ಕೊಡ್ಲಿ?"

"ಅನ್ಯಾಯವಾಗಿ ಕೆಲಸ ಕಳ್ಕೊಂಡೋರ ದೂರು ತಗೊಳ್ಳೋದು ಸಮಾನ ಅವಕಾಶ ಕಚೇರಿ."

"ಅದೆಲ್ಲಿದೆ?"

"ಅದನ್ನ ರದ್ದು ಮಾಡಿದಾರೆ ಸರ್. ನಿಮ್ಮದನ್ನ ಮಾಡಿದ ದಿನಾನೇ."

ಅಷ್ಟರಲ್ಲಿ ಒಳಗಿನಿಂದ ನೀವೇ ಬಂದಿರಿ. ನಿಮಗೆ ನೆನಪಿರಬಹುದು, ತೌನೋ ಟೋಪಿ ತೆಗೆದ. ನಿಮ್ಮ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದನ್ನು ಜ್ಞಾಪಿಸಿದ. ನೀವು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ: "ನೋಡಿ ಹಿಲ್ಟುನೆನ್, ನಿಮಗೊಬ್ರಿಗೆ ವಿನಾಯ್ತಿ ಕೊಟ್ರೆ ಅದು ವಿಶೇಷ ಸವಲತ್ತಾಗುತ್ತೆ. ಅದನ್ನ ನಿಲ್ಸೋಕೇ ನಾನು ಬಂದಿರೋದು." ಇಷ್ಟು ಸುಂದರವಾದ ವಾಕ್ಯವನ್ನು ನಾನು ಇತ್ತೀಚೆಗೆ ಯಾವ ಪುಸ್ತಕದಲ್ಲೂ ಓದಿಲ್ಲ. ಎಲ್ಲಿ ಮುಟ್ಟಿದರೂ ಜಾರುತ್ತದೆ.

ಸಮಾನ ಅವಕಾಶ ಕಚೇರಿ ಇಲ್ಲದಿದ್ದರೇನು, ಅದನ್ನು ನಡೆಸುತ್ತಿದ್ದವಳು ಇದ್ದಾಳಲ್ಲ. ಯೆಸೆನಿಯಾ ಬರ್ರೇರಾ ಟೆಕ್ಸಸ್ಸಿನ ಗಡಿಯಿಂದ ಬಂದವಳು; ಇಲ್ಲಿನ ಚಳಿಗೆ ಏಪ್ರಿಲ್‌ನಲ್ಲೂ ಎರಡು ಸ್ವೆಟರ್ ಹಾಕುತ್ತಾಳೆ. ಅವಳಿಗೆ ಆ ಕೆಲಸ ಸಿಕ್ಕಿದಾಗ ಅತಿ ಜೋರಾಗಿ ಗೊಣಗಿದವನು ತೌನೋ. ಈಗ ಅವಳ ಅಡುಗೆಮನೆಯಲ್ಲಿ ಟೋಪಿ ಹಿಸುಕುತ್ತಾ ಕೂತಿದ್ದ.

"ಮೊದಲಿಂದ ಹೇಳಿ, ತೌನೋ. ನಿಮ್ಮನ್ನ ಯಾಕೆ ತೆಗೆದ್ರು?"

"ಡಿ-ಇ-ಐ ಅಂತ."

"ಸರಿಯಾಗಿ ಕೇಳಿಸ್ಲಿಲ್ಲ."

"ಡಿ-ಇ-ಐ."

"ನಿಮ್ಮ ಬಾಯಲ್ಲಿ ಕೇಳೋದೇ ಒಂದು ಸುಖ. ಇನ್ನೊಂದೇ ಒಂದ್ಸಲ."

"ಐಲಿ, ಎದ್ದೇಳು, ಹೋಗೋಣ."

ಅವಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಎದ್ದು ನೀರು ಕುಡಿದು ಬಂದು ಮತ್ತೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಗಳನ್ನು ಅವನ ಮುಂದಿಟ್ಟಳು. ತಿನ್ನುತ್ತಲೇ ಇಬ್ಬರೂ ಜಗಳಕ್ಕೆ ಬಿದ್ದರು.

"ನೀವೇನು ಕಮ್ಮಿ ಮಾಡಿದ್ರಾ?" ಎಂದ ತೌನೋ. "ತರಬೇತಿ ಅಂತ ಲಾರಿ ಶೆಡ್ಡಲ್ಲಿ ನಮ್ಮನ್ನೆಲ್ಲ ಸುತ್ತ ನಿಲ್ಸಿ ನೂಲಿನ ಉಂಡೆ ಎಸೆಸಿದ್ರಿ, ನಾವೆಲ್ಲ ಹೆಂಗೆ ಹೆಣ್ಕೊಂಡಿದೀವಿ ನೋಡಿ ಅಂತ. ನೂಲು ಹೋಗಿ ಮರಳಿನ ಯಂತ್ರಕ್ಕೆ ಸುತ್ಕೊಂಡ್ತು. ಬಿಡ್ಸೋ ಹೊತ್ತಿಗೆ ನಾವು ನಿಜವಾಗ್ಲೂ ಹೆಣ್ಕೊಂಡಿದ್ವಿ."

"ನೂಲು ರಾಜಧಾನಿಯಿಂದ ಬಂದಿತ್ತು. ನಾನು ಬೇಡ ಅಂದೆ. ಖರೀದಿ ಆಗೋಗಿದೆ, ಎಸೀಲೇಬೇಕು ಅಂದ್ರು."

"ನೋಡಿದ್ರಾ!"

"ನೋಡ್ದೆ. ಈಗ ನೀವು ಹೇಳಿ. ನಿಮಗೆ ಈ ಕೆಲಸ ಹೇಗೆ ಸಿಕ್ತು?"

"ಅರ್ಹತೆಯಿಂದ."

"ಪರೀಕ್ಷೆ ಬರೆದ್ರಾ?"

"ಪರೀಕ್ಷೆ ಯಾಕೆ? ಅಪ್ಪ ಅದೇ ಲಾರಿ ಓಡಿಸ್ತಿದ್ದ. ಅವನು ಬಿಟ್ಟಾಗ ಮೇಸ್ತ್ರಿ ನನ್ನ ಕರೆದು ಕೀಲಿಕೈ ಕೊಟ್ಟ." ಅಗಿಯುತ್ತಿದ್ದವನು ನಿಲ್ಲಿಸಿದ. "ಅಂದ್ರೆ... ನಾನು ಚೆನ್ನಾಗಿ ಓಡಿಸ್ತೀನಿ."

"ಓಡಿಸ್ತೀರಿ. ಎರಡು ಚಳಿಗಾಲದಿಂದ ನಾನು ಬೀಳದೆ ಇರೋದು ನಿಮ್ಮಿಂದಲೇ. ಆವತ್ತು ಆ ಮೇಸ್ತ್ರಿ ಬಾಗಿಲ ಹೊರಗೆ ಚೆನ್ನಾಗಿ ಓಡಿಸೋರು ಬೇರೆ ಯಾರಾದ್ರೂ ನಿಂತಿದ್ರಾ ಅಂತ ನೋಡೋದಷ್ಟೇ ನನ್ನ ಕೆಲಸ ಆಗಿತ್ತು."

"ಯಾರೂ ನಿಂತಿರ್ಲಿಲ್ಲ."

"ಬಾಗಿಲಿದೆ ಅಂತ ಗೊತ್ತಿದ್ರೆ ತಾನೇ ನಿಲ್ಲೋದು?"

ತೌನೋ ಇನ್ನೊಂದು ತಮಾಲೆ ಬಿಚ್ಚಿದ. "ಇದನ್ನ ತಿಂದೆ ಅಂದ್ರೆ ಒಪ್ಪಿದೆ ಅಂತಲ್ಲ," ಎಂದ. ಯೆಸೆನಿಯಾ ಅವನ ಮೇಲ್ಮನವಿಯನ್ನು ತಾನೇ ಬರೆದು, ತಾನೇ ಸ್ವೀಕರಿಸಿ, ಮೀನಿನ ಆಕಾರದ ಮ್ಯಾಗ್ನೆಟ್ ಇಟ್ಟು ಫ್ರಿಜ್ಜಿಗೆ ಅಂಟಿಸಿದಳು. "ನನ್ನ ಹತ್ರ ಈಗ ಅಧಿಕಾರ ಇಲ್ಲ. ಫ್ರಿಜ್ ಇದೆ," ಎಂದಳು.

ಮಾನ್ಯರೇ, ನಾನು ಅರ್ಹತೆಯನ್ನು ಹೀಗಳೆಯುವವಳಲ್ಲ. ನನ್ನ ಹಲ್ಲು ಕೀಳುವವರಿಗೆ, ನಾನು ಕೂತ ವಿಮಾನ ಹಾರಿಸುವವರಿಗೆ ಅದು ಹೇರಳವಾಗಿರಲಿ. ಹಾಗೆಯೇ ನೂಲಿನ ಉಂಡೆಯಿಂದ ಲೋಕದಲ್ಲಿ ನ್ಯಾಯ ನೆಲೆಸುತ್ತದೆಂದು ನಂಬಿದವಳೂ ಅಲ್ಲ. ನನ್ನ ಸಂಶಯ ಸಣ್ಣದು. ಅರ್ಹತೆ ಎಂಬ ಮಾತನ್ನು ಆಡುವವರು ಅದನ್ನು ಯಾವಾಗಲೂ ಎದುರಿಗಿರುವವರ ಮೈಮೇಲೇ ಏಕೆ ಹುಡುಕುತ್ತಾರೆ? ಮುಂಬಾಗಿಲಿನಿಂದ ಬಂದವಳನ್ನು "ನಿನಗೆ ಯೋಗ್ಯತೆ ಇದೆಯೇ" ಎಂದು ಕೇಳುವವರು, ಬೇಟೆಯ ಬಿಡಾರದ ಹಿಂಬಾಗಿಲಿನಿಂದ ಬಂದವರನ್ನು ಏಕೆ ಕೇಳುವುದಿಲ್ಲ? ಯೆಸೆನಿಯಾ ಸಂದರ್ಶನಕ್ಕೆ ಕೂತವಳು. ತೌನೋಗೆ ಅಪ್ಪನ ಕೀಲಿಕೈ ಸಿಕ್ಕಿತು, ಆದರೆ ಪ್ರತಿ ಚಳಿಗಾಲವೂ ಅವನನ್ನು ಪರೀಕ್ಷಿಸಿ ಪಾಸು ಮಾಡಿದೆ. ಇವರಿಬ್ಬರ ಅರ್ಹತೆಯನ್ನು ಅಳೆಯಲು ಬಂದ ನಿಮ್ಮನ್ನು ಅಳೆದವರು ಯಾರು? ಜಿಂಕೆಯೇ?

ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳೇ ನನ್ನ ಓದು. ಅವನ್ನು ನಮಗೆ ದಾಟಿಸುವವರು ಒಂದು ಪದದ ಮುಂದೆ ದಿನಗಟ್ಟಲೆ ಕೂರುತ್ತಾರಂತೆ: ಇದು ಇಲ್ಲಿ ಏನನ್ನು ಹೇಳುತ್ತಿದೆ, ಯಾರ ಬಾಯಲ್ಲಿದೆ, ಇದರ ಪಕ್ಕದಲ್ಲಿ ಏನಿದೆ ಎಂದು. ನೀವು ಒಬ್ಬ ಮನುಷ್ಯನ ಜೀವನವನ್ನು ಮೂರು ಅಕ್ಷರ ಓದಿ ಮುಚ್ಚಿಟ್ಟಿರಿ. ನಾಲ್ಕನೆಯದನ್ನು ಓದಿದ್ದರೆ ಸಾಕಿತ್ತು.

ಈಗ ಮೊನ್ನೆಯ ಗುರುವಾರಕ್ಕೆ ಬರುತ್ತೇನೆ. ನೀವು ಊಟಕ್ಕೆಂದು ನಿಮ್ಮ ಕಚೇರಿಯಿರುವ ನ್ಯಾಯಾಲಯ ಕಟ್ಟಡದಿಂದ ಹೊರಟಿರಿ. ನಿಮ್ಮ ಕಾರು ಚರ್ಚ್ ಹಿಲ್‌ನ ನೆತ್ತಿಯಲ್ಲಿ ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹಿಂದುಮುಂದಾಗಿ ತಿರುಗಿ, ಹಿಮ್ಮುಖವಾಗಿ ಇಳಿಯತೊಡಗಿತು. ಅವಸರವಿಲ್ಲ, ಸದ್ದಿಲ್ಲ. ದೇವರ ಉತ್ಸವಮೂರ್ತಿಯೂ ಇಷ್ಟು ಗಾಂಭೀರ್ಯದಿಂದ ಸಾಗುವುದಿಲ್ಲ. ನೀವು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ನೇರ ಮುಂದೆ ನೋಡುತ್ತಾ, ಹಿಂದಕ್ಕೆ ಹೋಗುತ್ತಿದ್ದಿರಿ. ನಮ್ಮೂರಲ್ಲಿ ಎದುರಾದ ಪ್ರತಿ ಕಾರಿಗೂ ಕೈಯೆತ್ತುವುದು ವಾಡಿಕೆ, ಗುರುತಿರಲಿ ಬಿಡಲಿ. ಹಾಗಾಗಿ ಪ್ಯಾಸ್ಟಿ ಅಂಗಡಿಯ ಮುಂದೆ ನೀವು ಹಾದುಹೋಗುವಾಗ ಅಲ್ಲಿದ್ದವರೆಲ್ಲ ಕೈಯೆತ್ತಿದರು. ನೀವೂ ಒಂದು ಕೈ ಎತ್ತಿದಿರಿ. ಅದೊಂದೇ ಸಲ ನೀವು ನನಗೆ ಇಷ್ಟವಾದಿರಿ.

ಕೆಳಗಿನ ಹಿಮದ ದಿಬ್ಬ ನಿಮ್ಮನ್ನು ಮೆತ್ತಗೆ ಹಿಡಿದುಕೊಂಡಿತು. ತೌನೋ ತನ್ನ ಸೌನಾದ, ಅಂದರೆ ಬಿಸಿಹಬೆಯ ಸ್ನಾನದ ಮನೆಯ, ಒಲೆಯಿಂದ ಬಕೆಟ್ಟಿನಲ್ಲಿ ಬೂದಿ ತಂದು ನಿಮ್ಮ ಚಕ್ರಗಳ ಅಡಿಗೆ ಹಾಕಿದ. ನಮ್ಮ ಅಜ್ಜಂದಿರು ಮಂಜುಗಡ್ಡೆಗೆ ಹಾಕುತ್ತಿದ್ದುದು ಬೂದಿಯನ್ನೇ. ಯೆಸೆನಿಯಾ ಎರಡು ಸ್ವೆಟರಿನಲ್ಲಿ ಹಿಂದಿನಿಂದ ನೂಕಿದಳು. ಕಾರು ಮೇಲೆದ್ದಿತು. ನೀವು ಗಾಜು ಇಳಿಸಿದಿರಿ. ನಾವೆಲ್ಲ ಕಾದೆವು.

"ಹಿಲ್ಟುನೆನ್," ಎಂದಿರಿ, "ನಿಮ್ಮ ವಿಷಯ ಪರಿಶೀಲನೆಯಲ್ಲಿದೆ."

ತೌನೋ ಅಂದಿನಿಂದ ಚಪ್ಪಾಳೆ ತಟ್ಟುವುದನ್ನು ಬಿಟ್ಟಿದ್ದಾನೆ. ಬೂದಿ ಹಾಕುವುದನ್ನು ಬಿಟ್ಟಿಲ್ಲ. ಮನೆಮನೆಯ ಸೌನಾದಿಂದ ಬೂದಿ ಬರುತ್ತಿದೆ. ನಿಮ್ಮ ಮಂಡಳಿಗೆ ಮತ ಹಾಕಿದವರದೂ ಹಾಕದವರದೂ ಒಂದೇ ಬಕೆಟ್ಟಿನಲ್ಲಿ.

ನಮ್ಮ ಬೇಡಿಕೆ ಇಷ್ಟು. ಮಂಗಳವಾರದ ಸಭೆಯಲ್ಲಿ ತೌನೋನ ಕೆಲಸ ಅವನಿಗೆ ಮರಳಲಿ. ಜೊತೆಗೆ ಯೆಸೆನಿಯಾಳ ಕಚೇರಿಯೂ ತೆರೆಯಲಿ, ನೂಲಿನ ಉಂಡೆ ಹೊರತುಪಡಿಸಿ. ಏಕೆಂದರೆ ಮುಂದಿನ ಸಲ ಕಂಪ್ಯೂಟರು ಯಾರ ಹೆಸರಲ್ಲಿ ಏನು ಕಾಣುತ್ತದೋ ಗೊತ್ತಿಲ್ಲ, ಅವಳ ಫ್ರಿಜ್ಜಿನಲ್ಲಿ ಜಾಗ ಕಡಿಮೆ. ಕೊನೆಯದಾಗಿ, ನಿಮ್ಮ ಹುದ್ದೆಗೂ ಒಂದು ಜಾಹೀರಾತು ಬರಲಿ. ನೀವೂ ಅರ್ಜಿ ಹಾಕಿ. ಗೆದ್ದರೆ ನಾನೇ ಮೊದಲು ಎದ್ದು ಚಪ್ಪಾಳೆ ತಟ್ಟುತ್ತೇನೆ.

ಅಲ್ಲಿಯವರೆಗೆ ಒಂದು ಎಚ್ಚರಿಕೆ. ನಮ್ಮ ಬೂದಿ ಚರ್ಚ್ ಹಿಲ್‌ನ ಅರ್ಧಕ್ಕೆ ಮುಗಿದಿದೆ. ಮೇಲಿನ ಅರ್ಧದಲ್ಲಿರುವುದು ನಿಮ್ಮ ಕಚೇರಿ ಮಾತ್ರ, ಅದು ಕೌಂಟಿಯ ಹೊಣೆ. ನೀವು ಮತ್ತೆ ಹಿಮ್ಮುಖವಾಗಿ ಇಳಿದು ಬಂದರೆ ಅಂಗಡಿಯ ಮುಂದೆ ನಿಂತು ಎಲ್ಲರೂ ಕೈಯೆತ್ತುತ್ತೇವೆ. ಅದು ನಮ್ಮ ವಾಡಿಕೆ. ಅದನ್ನು ಪಡೆಯಲು ಯಾವ ಅರ್ಹತೆಯೂ ಬೇಕಿಲ್ಲ.

ಇಂತಿ,
ಬೇಲಿ ಹಿಡಿದುಕೊಂಡು, ಇನ್ನೂ ನೆಟ್ಟಗೆ ನಿಂತಿರುವ
ಐಲಿ ಹಿಲ್ಟುನೆನ್
ಚರ್ಚ್ ಹಿಲ್ ರಸ್ತೆ, ಕೆಳಗಿನ ಅರ್ಧ